ಹುಲಿಗೆವ್ವನ ಹಲ್ಲಿಹಕ್ಕಿ

ಕೋಳಿಯ ರೆಕ್ಕೆಯನ್ನು ಕತ್ತರಿಸುವ ಮೊದಲು ಹುಲಿಗೆವ್ವ ಅದರ ತುದಿಯನ್ನು ಬಿಡಿಸಿ, ಹೆಬ್ಬೆರಳಿನಿಂದ ಒಮ್ಮೆ ಒತ್ತಿ ನೋಡುತ್ತಿದ್ದಳು. ಜ್ವರ ಬಂದ ಮಗುವಿನ ಕೈ ಹಿಡಿದು ನೋಡಿದ ಹಾಗೆ. ಹೊರಗೆ ಗಿರಾಕಿ ಬೈಕ್ ಬಂದ್ ಮಾಡದೆ ನಿಂತಿದ್ದರೂ, ಭಾನುವಾರದ ಸಾಲು ರಸ್ತೆಯವರೆಗೆ ಬೆಳೆದಿದ್ದರೂ ಆ ಒಂದು ಒತ್ತು ತಪ್ಪುತ್ತಿರಲಿಲ್ಲ. ಆಮೇಲೆ ಕತ್ತಿ ಬೀಳುತ್ತಿತ್ತು. ಯಾಕೆ ಹಾಗೆ ಒತ್ತುತ್ತಾಳೆ ಎಂದು ಯಾರೂ ಅವಳನ್ನು ಕೇಳಿರಲಿಲ್ಲ. ಚಿಕನ್ ಅಂಗಡಿಯ ಮುಂದೆ ನಿಂತವರು ಸಾಮಾನ್ಯವಾಗಿ ಬೇರೆ ಕಡೆ ನೋಡುತ್ತಿರುತ್ತಾರೆ.

ನಾನು ಹಿಟ್ನಾಳದ ಹೈಸ್ಕೂಲಿಗೆ ವಿಜ್ಞಾನದ ಶಿಕ್ಷಕಿಯಾಗಿ ಬಂದಾಗ ನನಗೆ ಇಪ್ಪತ್ತೇಳು. ಅದೇ ಮೊದಲ ನೌಕರಿ. ನನ್ನೂರು ಯಲಬುರ್ಗಾದ ಕಡೆ. ದಿನಾ ಓಡಾಡುವುದು ಆಗದ ಮಾತೆಂದು ಹೆದ್ದಾರಿಯ ಕ್ರಾಸಿನ ಹತ್ತಿರ ಒಂದು ಖೋಲಿ ಬಾಡಿಗೆ ಹಿಡಿದೆ. ಅದರ ಒಂದೇ ಕಿಟಕಿ ತೆರೆಯುತ್ತಿದ್ದದ್ದು ಹುಲಿಗೆವ್ವನ ತಗಡಿನ ಶೆಡ್ಡಿನ ಹಿತ್ತಲಿಗೆ. ಬೆಳಿಗ್ಗೆ ಎದ್ದರೆ ಕೋಳಿಯ ಪಂಜರಗಳು, ಅವುಗಳ ನಡುವೆ ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಟ್ಟು ನೀರು ಹಾಕುವ ಎತ್ತರದ, ಬಡಕಲು ಹೆಂಗಸು. ನಮ್ಮ ಕಡೆ ಹೆಣ್ಣು ಶಿಕ್ಷಕಿಯರನ್ನು ಅಕ್ಕಾರ ಎನ್ನುತ್ತಾರೆ. ನನ್ನ ತಾಯಿಯ ವಯಸ್ಸಿನ ಆಕೆಯೂ ನನ್ನನ್ನು ಹಾಗೇ ಕರೆದಳು. ಹೆಸರು ಹಿಡಿದು ಕರಿ ಎಂದು ಎಷ್ಟೋ ಸಲ ಹೇಳಿದೆ. ಆಗಲಿ ಅನ್ನುವಳು, ಮರುಗಳಿಗೆಯೇ ಅಕ್ಕಾರ ಅನ್ನುವಳು.

ಅಂಗಡಿ ಅವಳ ಗಂಡನದು. ಅವನು ತೀರಿಕೊಂಡಾಗ ಶೆಡ್ಡಿಗೆ ಬೀಗ ಬೀಳುತ್ತದೆ, ಇವಳು ಯಾರದೋ ಗದ್ದೆಗೆ ಕೂಲಿ ಹೋಗುತ್ತಾಳೆ ಎಂದು ಎಲ್ಲರೂ ತಿಳಿದಿದ್ದರು. ಹನ್ನೆರಡನೆಯ ದಿನ ಮುಗಿಸಿ ಮರುದಿನ ಇವಳೇ ಕತ್ತಿ ಹಿಡಿದು ಕೂತಳು. ಹೆಂಗಸು ಕೊಯ್ದ ಕೋಳಿ ಬೇಡ ಎಂದು ಕೆಲವರು ಮುಂದಿನ ಅಂಗಡಿಗೆ ಹೋದರು. ಉಳಿದವರು ಬಂದರು, ತೂಕ ನೋಡಿದರು, ಚೀಲ ಹಿಡಿದು ಹೋದರು. ಕೂತು ಮಾತಾಡಿದವರಿಲ್ಲ. ಮಕ್ಕಳಿರಲಿಲ್ಲ. ನವಲಿಯಲ್ಲಿ ಒಬ್ಬಳು ತಂಗಿ, ಹುಲಿಗೆವ್ವನೇ ಎತ್ತಿ ಬೆಳೆಸಿದವಳು. ಒಮ್ಮೆ ತಂಗಿಯ ಮನೆಗೆ ಹೋದಾಗ ಅವಳ ಮಕ್ಕಳು ದೊಡ್ಡವ್ವನ ಮೈ ಕೋಳಿ ನಾತ ಹೊಡೆಯುತ್ತದೆ ಎಂದು ಮೂಗು ಹಿಡಿದುಕೊಂಡರಂತೆ, ತಂಗಿ ಅವರನ್ನು ಗದರಿಸಲಿಲ್ಲವಂತೆ. ಆಮೇಲೆ ಹುಲಿಗೆವ್ವ ಹೋಗಲಿಲ್ಲ, ತಂಗಿಯೂ ಬರಲಿಲ್ಲ. ಇದಾಗಿ ಎಂಟು ವರ್ಷವಾಗಿತ್ತು. ಇಷ್ಟನ್ನು ನನಗೆ ಹೇಳಲು ಹುಲಿಗೆವ್ವ ಒಂದು ವರ್ಷ ತೆಗೆದುಕೊಂಡಳು.

ನಮ್ಮ ಪರಿಚಯ ಆದದ್ದು ಪಾಠದ ನೆಪದಲ್ಲಿ. ಹತ್ತನೇ ತರಗತಿಗೆ ಜೀವವಿಕಾಸ ಹೇಳಬೇಕಿತ್ತು. ಸರೀಸೃಪಗಳಿಂದ ಹಕ್ಕಿಗಳು ಬಂದವು ಎಂದು ಬರಿದೇ ಹೇಳಿದರೆ ಮಕ್ಕಳು ಬರೆದುಕೊಂಡು ಮರೆಯುತ್ತಾರೆ. ಕಣ್ಣಿಗೆ ಕಾಣಿಸಬೇಕು ಎಂದು ನಾನು ಹುಲಿಗೆವ್ವನ ಅಂಗಡಿಗೆ ಹೋಗಿ, ಪುಕ್ಕ ಕೀಳದ ಒಂದು ರೆಕ್ಕೆ, ಎರಡು ಕಾಲು ಬೇಕು, ತಿನ್ನುವುದಕ್ಕಲ್ಲ ಅಂದೆ. ಅವಳು ಕತ್ತಿ ಕೆಳಗಿಟ್ಟಳು. ಮತ್ಯಾತಕ್ಕೆ ಎಂದು ಕೇಳಿದಳು. ಹೇಳಿದೆ. ಬಹಳ ಹಿಂದೆ, ಹಕ್ಕಿ ಎನ್ನುವುದೇ ಹೊಸದಾಗಿದ್ದ ಕಾಲದಲ್ಲಿ, ಕಾಗೆಯಷ್ಟು ದೊಡ್ಡದೊಂದು ಪ್ರಾಣಿ ಇತ್ತು. ಅದರ ಅಚ್ಚು ಪರದೇಶದ ಸುಣ್ಣಕಲ್ಲಿನಲ್ಲಿ ಸಿಕ್ಕಿದೆ. ಮೈಮೇಲೆ ಗರಿ ಇವೆ, ಆದರೆ ಬಾಯಲ್ಲಿ ಹಲ್ಲಿವೆ, ಹಲ್ಲಿಯದರಂಥ ಉದ್ದನೆಯ ಎಲುಬಿನ ಬಾಲವಿದೆ, ರೆಕ್ಕೆಯಲ್ಲಿ ಉಗುರಿರುವ ಮೂರು ಬೆರಳಿವೆ ಅಂದೆ. ಬೆರಗಾಗುತ್ತಾಳೆ ಎಂದುಕೊಂಡಿದ್ದೆ. ಅವಳು ಒಂದು ಜವಾರಿ ಕೋಳಿಯ ರೆಕ್ಕೆಯನ್ನು ತೆಗೆದು, ತುದಿ ಬಿಡಿಸಿ, ನನ್ನ ಬೆರಳನ್ನು ಹಿಡಿದು ಅದರ ಮೇಲೆ ಇಟ್ಟಳು.

"ಇದು ಕೈ ಐತ್ರಿ ಅಕ್ಕಾರ. ನನಗ ಮೊದಲಿಂದಾನೂ ಗೊತ್ತು. ಇಲ್ಲಿ ಹೆಬ್ಬಟ್ಟು, ಇದೊಂದು, ಇದೊಂದು. ಒಂದೊಂದಕ್ಕ ಹೆಬ್ಬಟ್ಟಿನ ತುದಿಗೆ ಉಗುರೂ ಇರ್ತೈತಿ. ಯಾರಿಗೆ ಹೇಳೂದು ಅಂತ ಸುಮ್ನಿದ್ದೆ."

ನಿಜವಾಗಿಯೂ ಉಗುರಿತ್ತು. ಜೋಳದ ಕಾಳಿಗಿಂತ ಚಿಕ್ಕದು. ಪ್ರಾಣಿಶಾಸ್ತ್ರದಲ್ಲಿ ಪದವಿ ಪಡೆದ ನಾನು ಅದನ್ನು ಅವತ್ತೇ ಮೊದಲು ನೋಡಿದ್ದು.

ಆರ್ಕಿಯಾಪ್ಟೆರಿಕ್ಸ್ ಎನ್ನುವ ಆ ಪ್ರಾಣಿಯ ಹೆಸರು ಅವಳ ನಾಲಗೆಗೆ ಹೊರಳಲಿಲ್ಲ. ಎರಡು ದಿನ ಪ್ರಯತ್ನಿಸಿ ಕೈಬಿಟ್ಟು ಹಲ್ಲಿಹಕ್ಕಿ ಎಂದು ಕರೆದಳು. ಹಲ್ಲಿರುವ ಹಕ್ಕಿಯೋ, ಹಲ್ಲಿಯಂಥ ಹಕ್ಕಿಯೋ ಎಂದು ಕೇಳಿದೆ. ಎರಡೂ ಹೌದಲ್ಲ ಅಂದಳು.

ಮಧ್ಯಾಹ್ನ ಮೂರರಿಂದ ಐದರವರೆಗೆ ಅವಳಿಗೆ ಗಿರಾಕಿ ಕಡಿಮೆ. ಶನಿವಾರ ಸಾಲಿ ಬೇಗ ಬಿಡುತ್ತಿತ್ತು, ಉಳಿದ ದಿನ ನಾಲ್ಕೂವರೆಗೆ ಬಂದು ಅಲ್ಲಿ ಕೂರುತ್ತಿದ್ದೆ. ಮುಂದೆ ಲಾರಿಗಳು ಹೋಗುತ್ತಿದ್ದವು. ಭಾರದ ಲಾರಿ ಹೋದಾಗ ತಗಡು ನಡುಗುತ್ತಿತ್ತು, ಮಾತು ನಿಲ್ಲಿಸಿ ಅದು ದಾಟಿದ ಮೇಲೆ ಮುಂದುವರಿಸುತ್ತಿದ್ದೆವು. ಅವಳ ಪ್ರಶ್ನೆಗಳು ಪುಸ್ತಕದಲ್ಲಿ ಇರುತ್ತಿರಲಿಲ್ಲ. ಕೋಳಿಮರಿ ಮೊಟ್ಟೆ ಒಡೆಯಲು ಕೊಕ್ಕಿನ ಮೇಲೆ ಒಂದು ಮುಳ್ಳು ಇಟ್ಟುಕೊಂಡಿರುತ್ತದಲ್ಲ, ಅದು ಆ ಹಳೆಯ ಹಲ್ಲಿನ ಗುರುತೇ? ಅಲ್ಲ, ಅದು ಹಲ್ಲಲ್ಲ, ಕೊಕ್ಕಿನಂತೆಯೇ ಗಟ್ಟಿಯಾದ ಚರ್ಮ ಎಂದು ನಾನು ಎರಡು ದಿನ ಓದಿ ಬಂದು ಹೇಳಿದೆ. ಕಾಲಿನ ಹುರುಪೆ? ಅದು ಹೌದು, ಅದು ಆ ಕಡೆಯ ನಂಟೇ. ಅವಳು ತಲೆಯಾಡಿಸಿದಳು. ಉಡದ ಕಾಲನ್ನು ಹತ್ತಿರದಿಂದ ನೋಡಿದವರಿಗೆ ಇದನ್ನು ಬೇರೆ ಹೇಳಬೇಕಿಲ್ಲ ಅಂದಳು.

ಒಂದು ದಿನ ನಾನು ಕೊಟ್ಟ ಚಿತ್ರವನ್ನು ಬಹಳ ಹೊತ್ತು ನೋಡಿ, ಇದರ ಎದೆಯ ಗೂಟ ಎಲ್ಲಿ ಎಂದು ಕೇಳಿದಳು. ಕೋಳಿಯ ಎದೆಯ ನಡುವೆ ದೋಣಿಯ ತಳದ ಹಾಗೆ ಚಾಚಿಕೊಂಡ ಎಲುಬು. ಆ ಹಕ್ಕಿಗೆ ಅದು ಇರಲಿಲ್ಲ ಎಂದೆ.

"ಹಂಗಾರ ಇದು ಭಾಳ ಹಾರ್ತಿದ್ದಿಲ್ರಿ. ಎದಿ ಮಾಂಸ ಎಲ್ಲಾ ಆ ಗೂಟ ಹಿಡಕೊಂಡ ಇರ್ತೈತಿ. ಗೂಟ ಇಲ್ಲಂದ್ರ ಮಾಂಸ ಎಲ್ಲಿ ನಿಲ್ಬೇಕು? ಮಾಂಸ ಇಲ್ಲಂದ್ರ ರೆಕ್ಕಿ ಬಡಿಯೂದು ಹೆಂಗ?"

ಅದು ಹೇಗೆ ಹಾರುತ್ತಿತ್ತು, ಹಾರುತ್ತಿತ್ತೇ ಇಲ್ಲವೇ ಎಂದು ದೊಡ್ಡ ದೊಡ್ಡ ವಿದ್ವಾಂಸರು ಇದೇ ಎಲುಬನ್ನು ಹಿಡಿದು ಜಗಳವಾಡಿದ್ದಾರೆ ಎಂದು ನಾನು ಹೇಳಿದಾಗ ಹುಲಿಗೆವ್ವ ನಾಚಿ, ಪಂಜರದ ಕಡೆ ತಿರುಗಿ ಕೋಳಿಗೆ ನೀರು ಹಾಕತೊಡಗಿದಳು. ಅವುಗಳ ಬಟ್ಟಲು ತುಂಬಿಯೇ ಇತ್ತು.

ಆ ಮಳೆಗಾಲ ಪೂರಾ ಅವಳು ಒಂದು ಹಲ್ಲಿಹಕ್ಕಿಯ ಅಸ್ಥಿಪಂಜರ ಮಾಡಿದಳು. ನಾನು ಹೇಳಿದ್ದಲ್ಲ, ಅವಳೇ ಹೂಡಿದ್ದು. ಫಾರಂ ಕೋಳಿಯ ಎಲುಬು ಹಸಿ, ಕುದಿಸಿದರೆ ಕರಗುತ್ತದೆ ಎಂದು ಮುದಿ ಜವಾರಿ ಹುಂಜವನ್ನು ಆರಿಸಿದಳು. ತೂತು ಹೊಡೆದ ಡಬ್ಬಿಯಲ್ಲಿ ಎಲುಬು ಹಾಕಿ ಇರುವೆಗೂಡಿನ ಪಕ್ಕ ಇಟ್ಟಳು. ಹದಿನೈದು ದಿನಕ್ಕೆ ಇರುವೆಗಳು ತೊಳೆದಿಟ್ಟಂತೆ ಮಾಡಿದ್ದವು. ಸುಟ್ಟ ಪಂಪ್‌ಸೆಟ್ ಮೋಟರಿನ ತಾಮ್ರದ ತಂತಿಯಿಂದ ಜೋಡಿಸಿದಳು. ಕೋಳಿಯ ಕೈಬೆರಳುಗಳು ಒಂದಕ್ಕೊಂದು ಕೂಡಿಹೋಗಿರುತ್ತವಾದ್ದರಿಂದ ಇನ್ನೊಂದು ಕೋಳಿಯ ಕಾಲ್ಬೆರಳನ್ನು ಉಗುರು ಸಮೇತ ತಂದು ರೆಕ್ಕೆಗೆ ಕೂಡಿಸಿದಳು. ಹಲ್ಲು ಹೊಳೆಯ ಮೀನಿನದು. ಬಾಲಕ್ಕೆ ಏನು ಮಾಡುವುದೆಂದು ಒಂದು ವಾರ ಯೋಚಿಸಿ, ಜೋಳದ ದಂಟಿನ ಬೆಂಡನ್ನು ಇಪ್ಪತ್ತೆರಡು ತುಂಡು ಮಾಡಿ ತಂತಿಗೆ ಪೋಣಿಸಿದಳು. ಎಲ್ಲದರ ಕೊನೆಗೆ ಎದೆಯ ಗೂಟವನ್ನು ಇಕ್ಕಳದಿಂದ ಮುರಿದು ತೆಗೆದಳು. ಆ ಸದ್ದಿಗೆ ಅವಳು ಕಣ್ಣು ಮುಚ್ಚಿಕೊಂಡದ್ದನ್ನು ನೋಡಿದೆ. ದಿನಕ್ಕೆ ಅಷ್ಟು ಕೋಳಿ ಕೊಯ್ಯುವವಳು.

ಕೊಪ್ಪಳದಲ್ಲಿ ನಡೆದ ಸಾಲಿ ಮಕ್ಕಳ ವಿಜ್ಞಾನ ಪ್ರದರ್ಶನಕ್ಕೆ ಅದನ್ನು ಒಯ್ದೆವು. ಹುಲಿಗೆವ್ವ ಅಂಗಡಿ ಮುಚ್ಚಿ, ಸೀಗೆಕಾಯಿ ಹಾಕಿ ತಲೆಸ್ನಾನ ಮಾಡಿ, ಅದುವರೆಗೆ ಮಡಿಕೆ ಬಿಚ್ಚದಿದ್ದ ಹಸಿರು ಸೀರೆ ಉಟ್ಟು ಬಂದಳು. ಇದನ್ನು ಮಾಡಿದವರು ಇವರೇ ಎಂದು ಹೇಳುತ್ತೇನೆ ಎಂದರೆ ಬೇಡವೇ ಬೇಡ ಎಂದು ಕೈ ಹಿಡಿದುಕೊಂಡಳು. ಮಂದಿಯ ನಡುವೆ ನಿಂತು ತನ್ನದೇ ಹಕ್ಕಿಯನ್ನು ಹೊಸದಾಗಿ ನೋಡುವವಳ ಹಾಗೆ ನೋಡುತ್ತಿದ್ದಳು. ತಪಾಸಣೆಗೆ ಬಂದ ಒಬ್ಬ ಹಿರಿಯ ಶಿಕ್ಷಕರು, ಹಳ್ಳಿಯ ಹೆಂಗಸು ಆಸೆಯಿಂದ ನೋಡುತ್ತಿದ್ದಾಳೆ ಎಂದು ಕರುಣೆಯಿಂದ ಹತ್ತಿರ ಬಂದು, ನೋಡವ್ವಾ, ಈ ಪಕ್ಷಿ ಹದ್ದಿನಂತೆ ಆಕಾಶದಲ್ಲಿ ಎತ್ತರಕ್ಕೆ ಹಾರುತ್ತಿತ್ತು ಎಂದು ವಿವರಿಸಿದರು. ಅವಳು ಕೈಕಟ್ಟಿ ಎಲ್ಲಕ್ಕೂ ಹೌದ್ರಿ ಹೌದ್ರಿ ಅಂದಳು. ವಾಪಸು ಬರುವ ಬಸ್ಸಿನಲ್ಲಿ ಕಿಟಕಿಯ ಹೊರಗೆ ನೋಡುತ್ತ, "ಪಾಪ, ಆ ಸರ್ ಒಂದ್ ಸಲಾನೂ ಕೋಳಿ ಕೊಯ್ದಿಲ್ಲ" ಎಂದಳು. ನಾನು ನಕ್ಕದ್ದಕ್ಕೆ ಮುಂದಿನ ಸೀಟಿನವರು ತಿರುಗಿ ನೋಡಿದರು. ಅವಳು ನಗಲಿಲ್ಲ.

ಮರುವರ್ಷದ ಬೇಸಿಗೆಯ ಹೊತ್ತಿಗೆ ಆ ಕಲ್ಲು ಬಂತು. ಕುಷ್ಟಗಿ ಕಡೆಯಿಂದ ಕಲ್ಲು ತುಂಬಿಕೊಂಡು ಬರುವ ಲಾರಿಯವನೊಬ್ಬ ಅವಳ ಗಿರಾಕಿ. ಹಲ್ಲಿಹಕ್ಕಿಯ ಕಥೆಯನ್ನು ಅವನಿಗೆ ಎಂದೋ ಹೇಳಿರಬೇಕು. ಒಡೆದುಹೋದ ಒಂದು ಕೆಂಪು ಚಪ್ಪಡಿಯ ಚೂರನ್ನು ಅವನು ತಂದುಕೊಟ್ಟಿದ್ದ. ನಾನು ಸಾಲಿಯಿಂದ ಬಂದಾಗ ಹುಲಿಗೆವ್ವ ಶೆಡ್ಡಿನ ಹೊರಗೆ ಬಂದು ಕಾಯುತ್ತಿದ್ದಳು. ಒಳಗೆ ಕರೆದೊಯ್ದು, ಸೀರೆಯ ತುಂಡಿನಲ್ಲಿ ಸುತ್ತಿಟ್ಟಿದ್ದ ಕಲ್ಲನ್ನು ಬಿಚ್ಚಿದಳು. ಅದರ ಮೇಲೆ ಗೇಣುದ್ದದ ಕಪ್ಪು ಗರಿ. ಒಂದೊಂದು ಎಳೆಯೂ ಬಿಡಿಬಿಡಿಯಾಗಿ ಮೂಡಿತ್ತು.

ನೋಡಿದ ಕೂಡಲೇ ನನಗೆ ಗೊತ್ತಾಯಿತು. ಕಲ್ಲಿನ ಬಿರುಕಿನಲ್ಲಿ ನೀರು ಇಳಿದು, ಅದರೊಳಗಿನ ಖನಿಜ ಕವಲು ಕವಲಾಗಿ ಹರಡಿ ಇಂಥ ಕಲೆ ಆಗುತ್ತದೆ. ಜೀವಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೆ ಅವಳ ಮುಖ ನೋಡಿದೆ. ಎರಡು ವರ್ಷದಲ್ಲಿ ಆ ಮುಖ ಹಾಗಿದ್ದದ್ದನ್ನು ಕಂಡಿರಲಿಲ್ಲ. ಇರಬಹುದು, ತಿಳಿದವರನ್ನು ಕೇಳಿ ನೋಡುತ್ತೇನೆ ಎಂದು ಹೇಳಿದೆ. ಇಷ್ಟೇ ನಾನು ಮಾಡಿದ ತಪ್ಪು, ಆದರೆ ಅದು ಸಣ್ಣದಲ್ಲ.

ಎರಡು ದಿನದಲ್ಲಿ ಕ್ರಾಸಿನ ತುಂಬ ಸುದ್ದಿಯಾಯಿತು. ಚಹಾದಂಗಡಿಯವರು ಬಂದರು, ಬಸ್ಸಿಗೆ ಕಾಯುವವರು ಬಂದರು, ಹೆಂಗಸು ಕೊಯ್ದದ್ದು ಬೇಡ ಎಂದು ಹೋಗಿದ್ದವರೂ ಬಂದರು. ಕಲ್ಲು ನೋಡಿದವರು ಎದ್ದು ಹೋಗಲಿಲ್ಲ, ಕೂತರು. ಹುಲಿಗೆವ್ವ ಪಕ್ಕದ ಮನೆಯಿಂದ ಒಂದು ಬೆಂಚು ಎರವಲು ತಂದಳು. ಹಕ್ಕಿಗೆ ಹಲ್ಲಿದ್ದ ಕಾಲದ ಮಾತನ್ನು ಅವಳು ಹೇಳುವುದನ್ನು, ಮುದುಕರು ಗಲ್ಲಕ್ಕೆ ಕೈಕೊಟ್ಟು ಕೇಳುವುದನ್ನು ನಾನು ಕಿಟಕಿಯಿಂದ ನೋಡಿದೆ. ಐದನೆಯ ದಿನ ನವಲಿಯಿಂದ ತಂಗಿ ಮಕ್ಕಳನ್ನು ಕರೆದುಕೊಂಡು ಬಂದಳು. ಅಕ್ಕತಂಗಿ ಇಬ್ಬರೂ ಹಿತ್ತಲಲ್ಲಿ ಕೂತು ರೊಟ್ಟಿ ಬಡಿದರು. ಆ ಸದ್ದು ನನ್ನ ಖೋಲಿಗೆ ಕೇಳುತ್ತಿತ್ತು. ಮಕ್ಕಳು ಈಗ ದೊಡ್ಡವರಾಗಿದ್ದರು, ಯಾರೂ ಮೂಗು ಹಿಡಿಯಲಿಲ್ಲ.

ಆಮೇಲೆ ಪತ್ರಿಕೆಯವರೊಬ್ಬರು ನಾಳೆ ಬಂದು ಬರೆದುಕೊಳ್ಳುತ್ತೇವೆ ಎಂದು ಫೋನ್ ಮಾಡಿದರು. ಅಚ್ಚಾದ ಮೇಲೆ ಯಾರಾದರೂ ತಿಳಿದವರು ನಕ್ಕರೆ ಆ ನಗು ಬೀಳುವುದು ಅವಳ ಮೇಲೆ. ಅಂದು ಸಂಜೆ ಮಂದಿ ಹೋಗುವವರೆಗೆ ಕಾದು ಶೆಡ್ಡಿಗೆ ಹೋದೆ. ಅವಳು ಹಲಗೆ ತೊಳೆಯುತ್ತಿದ್ದಳು. ಹುಲಿಗೆವ್ವಾ, ಆ ಕಲ್ಲಿನ ವಿಷಯ ಎಂದು ಶುರುಮಾಡಿದ್ದೆ, ಅವಳು ಕೈ ಒರೆಸಿಕೊಂಡಳು.

"ಗರಿಗೆ ನಡುವ ಒಂದು ದಂಟು ಇರ್ತೈತ್ರಿ. ಎಳಿ ಎಲ್ಲಾ ಆ ದಂಟಿನಿಂದ ಹೊರಡ್ತಾವ. ಇದರಾಗ ದಂಟ ಇಲ್ಲ, ಬೇರು ಒಡದಂಗ ಒಡದೈತಿ. ದಿನಾ ಪುಕ್ಕ ಕೀಳಾಕಿ ನಾನು. ತಂದುಕೊಟ್ಟ ಮರುದಿನಾನ ಗೊತ್ತಾತು."

ಮತ್ತೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನಿಮಗೂ ಗೊತ್ತಿತ್ತಲ್ರಿ" ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ. ಬೆಂಚನ್ನು ಗೋಡೆಗೆ ಸರಿಸುತ್ತ, "ಮಂದಿ ಬಂದು ಕುಂದ್ರತಿದ್ರು. ತಂಗಿ ಬಂದ್ಲು. ನಾಕ ದಿನ ಇರ್ಲಿ ಅಂದೆ" ಎಂದಳು.

ಆಮೇಲೆ ನಮ್ಮ ಸೀಮೆಯ ಕಲ್ಲಿನಲ್ಲಿ ನಿಜವಾದ ಗರಿ ಎಂದಾದರೂ ಸಿಗಬಹುದೇ ಎಂದು ಕೇಳಿದಳು. ಇನ್ನು ಸುಳ್ಳು ಹೇಳುವ ಧೈರ್ಯ ನನಗಿರಲಿಲ್ಲ. ಇಲ್ಲಿನ ಬಂಡೆ ಬೆಂಕಿಯಲ್ಲಿ ಕರಗಿ ಆರಿದ್ದು, ಎಲುಬಿರುವ ಯಾವ ಜೀವವೂ ಹುಟ್ಟುವುದಕ್ಕಿಂತ ಎಷ್ಟೋ ಮೊದಲೇ ಆರಿ ಗಟ್ಟಿಯಾದದ್ದು, ಹಕ್ಕಿಯನ್ನು ಹಿಡಿದಿಡಲು ನಿಂತ ನೀರಿನ ನುಣ್ಣನೆಯ ಕೆಸರು ಬೇಕು ಎಂದು ಹೇಳಿದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು.

"ಹಂಗಾರ ಇಲ್ಲಿ ಸತ್ತದ್ದೆಲ್ಲಾ ಗುರುತಿಲ್ದಂಗ ಹೋಗೇತಿ."

ಮರುದಿನ ಪತ್ರಿಕೆಯವರು ಬಂದಾಗ ಬೆಂಚಿನ ತುಂಬ ಜನರಿದ್ದರು. ಹುಲಿಗೆವ್ವ ಎದ್ದು ನಿಂತು, ಇದು ಗರಿಯಲ್ಲ, ಕಲ್ಲಿನೊಳಗಿನ ಕಲೆ, ತಾನೇ ತಪ್ಪು ತಿಳಿದಿದ್ದೆ, ಬಂದದ್ದಕ್ಕೆ ಚಹಾ ಕುಡಿದು ಹೋಗಬೇಕು ಎಂದಳು. ಗರಿ ಇರಬಹುದು ಎಂದು ಟೀಚರು ಹೇಳಿದ್ದರು ಎಂಬ ಮಾತನ್ನು ಎತ್ತಲೇ ಇಲ್ಲ. ನಾನು ಅಲ್ಲೇ ನಿಂತಿದ್ದೆ, ನನ್ನ ತಪ್ಪು ಎಂದು ಬಾಯಿ ತೆರೆದಾಗ ನನ್ನನ್ನು ಒಮ್ಮೆ ನೋಡಿದಳು, ನಾನು ಸುಮ್ಮನಾದೆ. ಇಂದಿಗೂ ಆ ಸುಮ್ಮನಿರುವಿಕೆ ನನಗೆ ಚುಚ್ಚುತ್ತದೆ. ಮುದುಕರೊಬ್ಬರು ವಾರವೆಲ್ಲಾ ಮಂಗ ಮಾಡಿದೆಯಲ್ಲ ಎಂದು ಗೊಣಗಿ ಎದ್ದರು. ಒಬ್ಬೊಬ್ಬರಾಗಿ ಎಲ್ಲರೂ ಎದ್ದರು. ಸಂಜೆ ಅವಳು ಬೆಂಚನ್ನು ಒಯ್ದು ಪಕ್ಕದ ಮನೆಗೆ ಮುಟ್ಟಿಸಿ ಬಂದಳು.

ಆಮೇಲೂ ಒಂದೂವರೆ ವರ್ಷ ನಾನು ಅಲ್ಲಿದ್ದೆ. ನಾವಿಬ್ಬರೂ ಮೊದಲಿನಂತೆ ಕೂರುತ್ತಿದ್ದೆವು. ಆದರೆ ಹಲ್ಲಿಹಕ್ಕಿಯ ಮಾತು ಕಡಿಮೆಯಾಯಿತು. ಎಷ್ಟೋ ಸಂಜೆ ಲಾರಿಗಳು ದಾಟಿಹೋದ ಮೇಲೂ ಮಾತು ಮುಂದುವರಿಯುತ್ತಿರಲಿಲ್ಲ. ತಂಗಿ ಒಮ್ಮೆ ಹಬ್ಬಕ್ಕೆ ಕರೆ ಕಳಿಸಿದ್ದಳು. ಅಂಗಡಿ ಬಿಟ್ಟು ಬರಲು ಆಗದು ಎಂದು ಹುಲಿಗೆವ್ವ ಹೇಳಿಕಳಿಸಿದಳು. ಹೋಗಬಾರದಿತ್ತೇ ಎಂದರೆ, ಅವರು ಕಲ್ಲೆಲ್ಲಿ ಎಂದು ಕೇಳಿದರೆ ಏನು ತೋರಿಸಲಿ ಎಂದಳು.

ಯಲಬುರ್ಗಾ ತಾಲೂಕಿಗೆ ನನ್ನ ವರ್ಗವಾಯಿತು. ಅಸ್ಥಿಪಂಜರವನ್ನು ಸಾಲಿಯ ಪ್ರಯೋಗಶಾಲೆಯ ಗಾಜಿನ ಕಪಾಟಿನಲ್ಲಿ ಇಡಿಸಿದೆ. ಜೋಳದ ದಂಟಿನ ಬಾಲಕ್ಕೆ ಆಗಲೇ ಹುಳ ಹತ್ತಿತ್ತು. ಹೊರಟ ದಿನ ಭಾನುವಾರ. ಸಾಮಾನು ಕಟ್ಟಿಕೊಂಡು ಹೇಳಿಹೋಗಲು ಅಂಗಡಿಗೆ ಬಂದರೆ ಹತ್ತು ಹನ್ನೆರಡು ಮಂದಿ ನಿಂತಿದ್ದರು. ಅವಳ ಎರಡೂ ಕೈ ರಕ್ತವಾಗಿತ್ತು. ನನ್ನನ್ನು ಕಂಡು ಕತ್ತಿ ನಿಲ್ಲಿಸಿದಳು. ಏನೋ ಹೇಳುವವಳಿದ್ದಳು. ಅಷ್ಟರಲ್ಲಿ ಯಾರೋ ಬೇಗ ಆಗಲಿ ಎಂದರು, ನನ್ನ ಬಸ್ಸೂ ಬಂತು. "ಉಣ್ಣೂದು ಬಿಡಬ್ಯಾಡ್ರಿ ಅಕ್ಕಾರ" ಎಂದು ಮತ್ತೆ ಬಗ್ಗಿದಳು.

ಹೋದ ಮೇಲೆ ನಾಲ್ಕಾರು ಸಲ ಫೋನ್ ಮಾಡಿದೆ. ಫೋನಿನಲ್ಲಿ ಅವಳಿಗೆ ಮಾತೇ ಬರುತ್ತಿರಲಿಲ್ಲ. ಹೂಂ ಅನ್ನುವಳು, ಆರಾಮ ಅನ್ನುವಳು, ಆಮೇಲೆ ಕೋಳಿಗಳ ಸದ್ದಷ್ಟೇ ಕೇಳಿಸುವುದು. ನಾನೂ ಮಾಡುವುದನ್ನು ಬಿಟ್ಟೆ. ಹೊಸ ಊರು, ಹೊಸ ಸಾಲಿ ಎಂದು ನನಗೆ ನಾನೇ ಹೇಳಿಕೊಂಡೆ. ಹೋದ ವರ್ಷ ತರಬೇತಿಯೊಂದಕ್ಕೆ ಹೊಸಪೇಟೆಗೆ ಹೋಗುವಾಗ ಹಿಟ್ನಾಳ ಕ್ರಾಸಿನಲ್ಲಿ ಇಳಿದೆ. ಶೆಡ್ಡಿನಲ್ಲಿ ಪಂಕ್ಚರ್ ಅಂಗಡಿ ಇತ್ತು. ಹುಲಿಗೆವ್ವ ಕಾಮಾಲೆಯಾಗಿ ಗಂಗಾವತಿಯ ದವಾಖಾನೆಗೆ ಹೋಗಿದ್ದಳು, ತಂಗಿ ನವಲಿಗೆ ಒಯ್ದಳು, ಅಲ್ಲೇ ಮಣ್ಣು ಮಾಡಿದರು, ಮೂರು ತಿಂಗಳಾಯಿತು ಎಂದು ಅಲ್ಲಿದ್ದವನು ಹೇಳಿದ. ಅವನು ಅವಳನ್ನು ನೋಡಿದವನಲ್ಲ.

ಮುಂದಿನ ರವಿವಾರ ನವಲಿಗೆ ಹೋದೆ. ತಂಗಿ ನನ್ನನ್ನು ಗುರುತು ಹಿಡಿದು ಒಳಗೆ ಕರೆದಳು. ಕೊನೆಯ ಹದಿನೆಂಟು ದಿನ ಅಕ್ಕ ಈ ಪಡಸಾಲೆಯಲ್ಲೇ ಮಲಗಿದ್ದಳು, ಏನು ಕೇಳಿದರೂ ಹೂಂ ಎನ್ನುವುದು ಬಿಟ್ಟರೆ ಮಾತಿರಲಿಲ್ಲ ಎಂದಳು. ಸ್ವಲ್ಪ ಹೊತ್ತಾದ ಮೇಲೆ, ನೀವಿಬ್ಬರೂ ದಿನಾ ಕೂರುತ್ತಿದ್ದಿರಂತೆ, ಏನು ಮಾತಾಡುತ್ತಿದ್ದಿರಿ ಎಂದು ಕೇಳಿದಳು. ನಾನು ಹೇಳತೊಡಗಿದೆ. ಹಕ್ಕಿಗೆ ಹಲ್ಲಿದ್ದದ್ದು, ಎದೆಯ ಗೂಟದ ಮೇಲೆ ಹುಲಿಗೆವ್ವ ಹೇಳಿದ ಮಾತು, ಕೊಪ್ಪಳದಲ್ಲಿ ಹಸಿರು ಸೀರೆ ಉಟ್ಟು ನಿಂತದ್ದು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು, ಬೇರೆ ಯಾರದೋ ಅಕ್ಕನ ಸುದ್ದಿ ಕೇಳುವವಳ ಹಾಗೆ.

"ಅಷ್ಟ ಮಾತಾಡ್ತಿದ್ಲೇನ್ರಿ ನಮ್ಮಕ್ಕ? ನನ್ನ ಮುಂದ ಒಂದಿನಾನೂ ಹೇಳ್ಲಿಲ್ಲ" ಎಂದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ನಾನೂ ಕೇಳಲಿಲ್ಲ ಬಿಡ್ರಿ" ಎಂದಳು.

ಗಂಗಾವತಿಯ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಅವಳು ಚಹಾ ಮಾಡಿ ತಂದಳು. ಹುಲಿಗೆವ್ವನ ಬಗ್ಗೆ ಒಬ್ಬರಿಗೊಬ್ಬರು ಹೇಳಬೇಕಾದದ್ದು ಬೇಕಾದಷ್ಟಿತ್ತು. ಎಲ್ಲಿಂದ ಹಿಡಿಯಬೇಕು ಎಂದು ತಿಳಿಯದೆ, ಇಬ್ಬರೂ ಲೋಟ ಕೈಯಲ್ಲಿ ಹಿಡಿದು, ಚಹಾ ಆರುವ ತನಕ ಸುಮ್ಮನೆ ಕೂತಿದ್ದೆವು.